ಅಕ್ಕನ ಕಾರಿನ ಕಪ್ಪು ಗಾಜು

ಅಕ್ಕಾ, ನಿನ್ನ ಕಾರಿನ ಗಾಜಿಗೆ ಆ ಕಪ್ಪು ಫಿಲ್ಮ್ ಹಾಕಿ ಮೋಸ ಮಾಡಿದ್ದು ಅಂಗಡಿಯವನಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ಆರಿಸಿದವನು ನಾನು. ಇಷ್ಟು ವರ್ಷ ಈ ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡು ಓಡಾಡಿದ್ದೇನೆ.

ಬಿಸಿಲು ತಾಗಿದರೆ ಮೈಯೆಲ್ಲ ಕೆಂಪಾಗಿ ಬೊಬ್ಬೆ ಏಳುವ ಆ ಹಾಳು ಕಾಯಿಲೆ ನಿನಗೆ ಆಗಷ್ಟೇ ಶುರುವಾಗಿತ್ತು. ಬಿಸಿಲೂ ಬೇಡ, ಬಿಸಿಯೂ ಬೇಡ ಎಂದಿದ್ದರು ಡಾಕ್ಟರು. ಯಲಹಂಕದಿಂದ ಚಿಕ್ಕಜಾಲದ ಶಾಲೆಗೆ ಹೋಗಲು ಬಸ್‌ಸ್ಟಾಪಿನಲ್ಲಿ ನಿಲ್ಲಲಾರದೆ ನೀನು ಹಳೆಯ ಕಾರೊಂದನ್ನು ಕೊಂಡೆ, ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಪಾಠ ಹೇಳುವುದನ್ನು ಬಿಟ್ಟರೆ ನಾನು ಸತ್ತ ಹಾಗೇ ಎಂದು ನೀನು ಅನ್ನುತ್ತಿದ್ದೆ.

"ಬಿಸಿ ತಡೆಯೋ ಫಿಲ್ಮ್ ಹಾಕಿಸ್ಕೊಂಡ್ ಬಾರೋ, ನಂಗೆ ಇದೆಲ್ಲ ತಿಳಿಯಲ್ಲ" ಎಂದು ಕೀಲಿಯನ್ನು ನನ್ನ ಕೈಗೆ ಕೊಟ್ಟೆ.

ತಣಿಸಂದ್ರದ ಆ ಅಂಗಡಿಯಲ್ಲಿ ಬಾಷಾ ಎಂಬಾತ ಫಿಲ್ಮ್ ಅಂಟಿಸಿದ ಎರಡು ಗಾಜಿನ ತುಂಡು ಇಟ್ಟು, ಒಂದು ಕಡೆಯಿಂದ ದೊಡ್ಡ ಬಲ್ಬು ಹೊತ್ತಿಸಿ, ಇನ್ನೊಂದು ಕಡೆ ಕೈ ಇಡಿ ಎಂದ. ಕಪ್ಪು ಗಾಜಿನ ಹಿಂದೆ ಅಂಗೈ ಚುರ್ ಎಂದಿತು. ಇನ್ನೊಂದರ ಮೇಲೆ ಫಿಲ್ಮ್ ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ — ಅದರ ಹಿಂದೆ ಬಿಸಿಯೇ ಇಲ್ಲ.

"ಕಪ್ಪಗಿದ್ರೆ ತಂಪು ಅಂತ ಎಲ್ರೂ ಅನ್ಕೋತಾರೆ ಸಾರ್. ಸುಳ್ಳು. ಮೇಲೆ ಪೊಲೀಸ್ರು ಬೇರೆ ಕೀಳಿಸ್ತಾರೆ" ಎಂದ.

ಇಷ್ಟೆಲ್ಲ ಕೇಳಿಯೂ — ಶನಿವಾರ, ಭಾನುವಾರ ಆ ಕಾರು ನನ್ನ ಕೈಯಲ್ಲಿರುತ್ತಿತ್ತಲ್ಲ. ಏರ್‌ಪೋರ್ಟ್ ರಸ್ತೆಯಲ್ಲಿ ಕಪ್ಪು ಗಾಜಿನ ಕಾರಿನಲ್ಲಿ ಗತ್ತಾಗಿ ಹೋಗಬೇಕಿತ್ತು ನನಗೆ. ಮೇಲೆ ಥಳಕು, ಒಳಗೆ ಹುಳುಕು.

"ಕಪ್ಪೇ ಹಾಕಿ" ಎಂದೆ.

ತಿಂಗಳು ತುಂಬುವಷ್ಟರಲ್ಲಿ, ನೀನು ಆಸ್ಪತ್ರೆಗೆ ಹೊರಟಿದ್ದಾಗ ಹೆಬ್ಬಾಳದಲ್ಲಿ ಪೊಲೀಸರು ನಿಲ್ಲಿಸಿದರು. ಇಲ್ಲೇ ಕಿತ್ತು ಹೋಗಿ ಎಂದರಂತೆ. ಉರಿಬಿಸಿಲಲ್ಲಿ, ರಸ್ತೆ ಬದಿಯಲ್ಲಿ ನಿಂತು, ಉಗುರಿನಿಂದ ಕೆರೆದು ಕೆರೆದು — ಮುಂದೆ ಬರೆಯಲು ಕೈ ಬರುತ್ತಿಲ್ಲ. ಸಂಜೆ ನಿನ್ನ ಕೆನ್ನೆಯ ತುಂಬ ಬೊಬ್ಬೆ. ಆಗಲೂ ನೀನು ಬಯ್ಯಲಿಲ್ಲ.

"ಬಿಸಿನೂ ತಡೀತಿರ್ಲಿಲ್ಲ ಕಣೋ ಅದು. ಒಳ್ಳೇದು ಅಂದಿದ್ಯಲ್ಲ?"

"ಅಂಗಡಿಯೋನು ಮೋಸ ಮಾಡ್ಬಿಟ್ಟ ಕಣಕ್ಕ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ! ನೀನು ಅಲ್ಲಿಗೆ ಹೋಗಿ ಕೇಳಿಬಿಟ್ಟರೆ ಎಂಬ ಭಯಕ್ಕೆ ಇನ್ನೊಂದು ಸೇರಿಸಿದೆ: "ಈ ಫಿಲ್ಮ್ ಅನ್ನೋದೇ ಎಲ್ಲಾ ಮೋಸ. ಯಾವ್ದೂ ಬಿಸಿ ತಡೆಯಲ್ಲ, ಸುಮ್ನೆ ಹೋಗ್ಬೇಡ."

ನೀನು ನಂಬಿದೆ. ಬೇರೆ ಫಿಲ್ಮಿನ ವಿಚಾರವನ್ನೇ ಎತ್ತಲಿಲ್ಲ. ಕಾರಿನ ಬಾಗಿಲಿಗೆ ಒದ್ದೆ ಟವಲ್ ಸಿಕ್ಕಿಸಿಕೊಂಡು ಆ ಬೇಸಿಗೆ ಪೂರ್ತಿ ಶಾಲೆಗೆ ಹೋಗಿಬಂದೆ. ಕೊನೆಗೆ ಶಾಲೆ ಬಿಟ್ಟೆ. ಕಾರನ್ನು ನನಗೇ ಕೊಟ್ಟೆ. ಇವತ್ತಿಗೂ ಬಂದವರ ಎದುರು "ಪಾಪ, ನನ್ ತಮ್ಮನಿಗೆ ಟೋಪಿ ಹಾಕ್ಬಿಟ್ಟ ಆ ಅಂಗಡಿಯೋನು" ಎಂದು ಬಾಷಾನನ್ನು ಬಯ್ಯುತ್ತೀಯ. ಪಕ್ಕದಲ್ಲೇ ಕೂತು ನಾನು ಕಾಫಿ ಕುಡಿಯುತ್ತೇನೆ.

ಈ ಬೇಸಿಗೆಯಲ್ಲಿ ಸೆಕೆ ತಡೆಯಲಾರದೆ ಅದೇ ಅಂಗಡಿಗೆ ಹೋಗಿ ಆ ತಿಳಿ ಫಿಲ್ಮ್ ಹಾಕಿಸಿದೆ. ಬಾಷಾನಿಗೆ ನನ್ನ ಗುರುತು ಹತ್ತಲಿಲ್ಲ. ಈಗ ಹೆಬ್ಬಾಳದ ಟ್ರಾಫಿಕ್ ಜಾಮಿನಲ್ಲಿ ಎಷ್ಟು ಹೊತ್ತು ಸಿಕ್ಕಿಕೊಂಡರೂ ಬಿಸಿಲು ಕೈಯನ್ನು ಸುಡುವುದಿಲ್ಲ. ಸುಡಬಾರದಿತ್ತೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾಳೆ ಕಾರು ತಂದು ನಿನ್ನ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಶಾಲೆ ವಾಪಸ್ಸು ಬರುವುದಿಲ್ಲ, ಗೊತ್ತು. ಒಳಗೆ ಕೂತು ಗಾಜಿನ ಹತ್ತಿರ ಕೈ ಇಟ್ಟು ನೋಡು. ಇಂಥದ್ದು ಆಗ ಎಲ್ಲಿತ್ತೋ ಎಂದು ನೀನು ಕೇಳಿಯೇ ಕೇಳುತ್ತೀಯ.

ಅದೇ ಅಂಗಡಿಯಲ್ಲಿತ್ತು ಅಕ್ಕಾ. ನಾನು ಕೈ ಇಟ್ಟು ನೋಡಿದ್ದೆ.