ಚಾಪೆಯಾಚೆಯ ದಾದಿ

ಕಾಲೋಲೈನೆ ಮೋಆಲಾ, ವಯಸ್ಸು ಇಪ್ಪತ್ತೊಂದು, ತಂದೆ ಟೋಂಗಾ ರಾಜಧಾನಿಯ ಬಡಗಿ ತೇವಿತಾ, ತಾಯಿ ಹಾಅಪೈ ಕಡಲಿನ ಪುಟ್ಟ ದ್ವೀಪವೊಂದರ ಮಗಳು ಲೂಪೆ, ಐವರು ಮಕ್ಕಳಲ್ಲಿ ಇವಳೇ ಹಿರಿಯಳು. ದಾದಿಯ ಪರೀಕ್ಷೆ ಮುಗಿಸಿದವಳನ್ನು ಮೇಲಿನವರು ತಾಯಿಯ ದ್ವೀಪಕ್ಕೇ ಕಳಿಸಿದರು. ನೆಂಟರಿರುವಲ್ಲಿ ಹುಡುಗಿಗೆ ಅಳುಕಿರದು ಎಂಬುದು ಅವರ ಎಣಿಕೆ. ಮೂರು ತಿಂಗಳು ಹಿರಿಯ ದಾದಿ ಜೊತೆಗಿದ್ದು ಕಲಿಸುವಳೆಂದೂ ಮಾತುಕೊಟ್ಟಿದ್ದರು. ಆ ಹಿರಿಯಳು ದಂಡೆಯಲ್ಲೇ ಚಿಕಿತ್ಸಾಲಯದ ಕೀಲಿಕೈಯನ್ನು ಇವಳ ಅಂಗೈಗೆ ಹಾಕಿ, ಕೆನ್ನೆಗೆ ಮುತ್ತಿಟ್ಟು, ಇವಳು ಇಳಿದ ದೋಣಿಯನ್ನೇ ಹತ್ತಿ ಹೊರಟುಹೋದಳು.

ನೆಂಟರಿದ್ದಾರೆಂಬ ಎಣಿಕೆಯೂ ತಲೆಕೆಳಗಾಯಿತು. ಅಲ್ಲಿ ದೊಡ್ಡಮ್ಮ, ಸೋದರಮಾವಂದಿರ ಮಕ್ಕಳೂ ಒಡಹುಟ್ಟಿದವರೇ. ಬೆಳೆದ ಅಣ್ಣತಂಗಿಯರು ಒಂದು ಕೋಣೆಯಲ್ಲಿ ಕೂರುವಂತಿಲ್ಲ. ಮೈಯ ಮಾತಂತೂ ಪರಸ್ಪರ ಕಿವಿಗೂ ಬೀಳಬಾರದು. ಕೆಮ್ಮುತ್ತ ಬಂದ ಗಂಡಸರು ಬಾಗಿಲಲ್ಲಿ ಅವಳನ್ನು ಕಂಡೊಡನೆ ಕೆಮ್ಮು ನುಂಗಿ ಹಿಂದಿರುಗುತ್ತಿದ್ದರು.

"ಅರ್ಧ ಊರು ನಿಂಗೆ ಅಣ್ಣತಮ್ಮಂದಿರೇ ಕಣೇ," ಎಂದು ನಕ್ಕಳು ಪಕ್ಕದ ಮನೆಯ ಚಾಪೆ ಹೆಣೆಯುವ ಮುದುಕಿ ವಿಕಾ. "ಇನ್ನರ್ಧಕ್ಕೆ ಸೂಜಿ ಅಂದ್ರೆ ಜೀವ ಹೋಗುತ್ತೆ!"

ಕಾಲೋಲೈನೆ ನಗಲಿಲ್ಲ. ಊರಿನ ಅರ್ಧವನ್ನು ಮುಟ್ಟಲಾಗದ ದಾದಿ ಅಲ್ಲಿದ್ದು ಫಲವೇನು? ಶುಕ್ರವಾರದ ದೋಣಿಗೆಂದು ಪೆಟ್ಟಿಗೆಗೆ ಹಗ್ಗ ಬಿಗಿದಿಟ್ಟಳು.

ಗುರುವಾರ ಬೆಳಿಗ್ಗೆ ಸಿಯೋಸಾಯಾನನ್ನು ಬೋರಲಾಗಿ ಹೊತ್ತು ತಂದರು. ದೊಡ್ಡಮ್ಮನ ಮಗ, ಅಂದರೆ ಅಣ್ಣ. ಮೀನಿನ ಗಾಳ ಸರಿಯಾಗಿ ಕೂರುವ ಜಾಗಕ್ಕೇ ನಾಟಿತ್ತು. ಅವಳನ್ನು ಕಂಡವನೇ, "ನನ್ನ ವಾಪಸ್ ಸಮುದ್ರಕ್ಕೇ ಹಾಕ್ರೋ!" ಎಂದು ಅರಚಿದ.

ಎಳೆದರೆ ಗಾಳದ ತುದಿಯ ಹಿಮ್ಮೊಗದ ಮುಳ್ಳು ಮಾಂಸ ಹರಿಯುತ್ತದೆ, ಬಿಟ್ಟರೆ ಕೀವಾಗುತ್ತದೆ. ಮರಗಟ್ಟಿಸುವ ಮದ್ದು ಮುಗಿದು ತಿಂಗಳಾಗಿತ್ತು. ಗಾಳ ತೆಗೆಯುವ ಬಗೆಯನ್ನು ಅವಳು ಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದಳು. ಜಗುಲಿಗೆ ಬಂದು ಕೂಗಿದಳು: "ವಿಕಾಜ್ಜಿ, ನಿನ್ನ ದೊಡ್ಡ ಚಾಪೆ ತಗೊಂಡು ಬಾ! ಮೊದ್ಲು ಸೋಪು ಹಾಕಿ ಕೈ ತೊಳ್ಕೋ!"

ಚಾಪೆಯನ್ನು ಬಾಗಿಲಿಗೆ ಇಳಿಬಿಟ್ಟರು. ಒಳಗೆ ವಿಕಾ ಮತ್ತು ಸಿಯೋಸಾಯಾ. ಹೊರಗೆ, ಬೆನ್ನು ತಿರುಗಿಸಿ, ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡು ಕಾಲೋಲೈನೆ. ಗಾಳದ ಮಾತಲ್ಲದೆ ಅದು ನಾಟಿದ ಜಾಗದ ಮಾತನ್ನು ಅವಳು ಎತ್ತಲೇ ಇಲ್ಲ.

"ಇಕ್ಕಳ ಕುದ್ಸಿಟ್ಟಿದೀನಿ. ಎಳೀಬೇಡ ಅಜ್ಜಿ, ಮುಂದಕ್ಕೇ ತಳ್ಳು. ತುದಿ ಆಚೆ ಬರ್ಲಿ."

"ಹೆಣಿಗೇಲಿ ಸೂಜಿ ಹಾಯಿಸ್ದಂಗೆ ತಾನೇ?"

"ಹಂಗೇ. ಇಕ್ಕಳದಲ್ಲಿ ಮುಳ್ಳು ಕತ್ತರಿಸಿ, ಬಂದ ದಾರೀಲೇ ಹಿಂದಕ್ಕೆ ತೆಗಿ."

"ಅಯ್ಯಯ್ಯೋ! ಮುದ್ಕಿ ನನ್ನನ್ನ ಚಾಪೆ ಅಂದ್ಕೊಂಡವ್ಳೆ!"

"ತೆಪ್ಪಗಿರೋ. ನನ್ನ ಚಾಪೆ ಯಾವತ್ತೂ ಹಿಂಗೆ ಬಡ್ಕೊಂಡಿಲ್ಲ."

ತಗಡಿನ ಬಟ್ಟಲಿಗೆ ಗಾಳ ಠಣ್ಣನೆ ಬಿತ್ತು. ಇನ್ನುಳಿದದ್ದು ಧನುರ್ವಾಯು ತಡೆಯುವ ಚುಚ್ಚುಮದ್ದು. ಅದು ಮುದುಕಿಯ ಕೈಗೆ ಕೊಡುವ ಕೆಲಸವಲ್ಲ. ಚಾಪೆಯ ಅಂಚಿನಿಂದ, ಯಾರಿಗೂ ಸೇರದ್ದೆಂಬಂತೆ, ತೋಳೊಂದು ಹೊರಗೆ ಬಂತು. ಕಾಲೋಲೈನೆ ಅದನ್ನು ಒರೆಸಿ ಚುಚ್ಚಿದಳು.

"ಅಜ್ಜಿ, ಈ ತೋಳು ಯಾರ್ದೋ ನಂಗೊತ್ತಿಲ್ಲ."

ಒಳಗಿನಿಂದ ಉತ್ತರ ಬಂತು: "ಯಾರ್ದಾದ್ರೂ ಸರಿ, ನೋವಾಗ್ಲಿಲ್ಲ ಅಂತ ಹೇಳಜ್ಜಿ!"

ಶುಕ್ರವಾರ ದೋಣಿ ಬಂದಾಗ ಚಾಪೆಯ ಹಿಂದೆ ನಾಲ್ವರು ಗಂಡಸರು ಧೈರ್ಯವಾಗಿ ಕೆಮ್ಮುತ್ತ ಕೂತಿದ್ದರು. ಅವಳ ಪೆಟ್ಟಿಗೆಯ ಮೇಲೆ ವಿಕಾ ಕೂತಿದ್ದಳು. ದೋಣಿ ಬರಿದೇ ಹಿಂದಿರುಗಿತು.

ಹತ್ತೊಂಬತ್ತು ವರ್ಷಗಳ ನಂತರ ವರ್ಗವಾಗಿ ಹೋಗುವಾಗ ಕಾಲೋಲೈನೆ ಅಲ್ಲಿ ಬಿಟ್ಟುಹೋದದ್ದು: ತೋಳು ತೂರುವಷ್ಟು ಕಿಂಡಿಯಿಟ್ಟು ವಿಕಾ ಹೆಣೆದುಕೊಟ್ಟ ಚಾಪೆ, ಇಕ್ಕಳ, ಗಾಳದ ಚಿತ್ರದ ಪುಟಕ್ಕೆ ಮುದುಕಿಯ ಹೆಬ್ಬೆರಳಿನ ಗುರುತಂಟಿದ ಪುಸ್ತಕ, ಒಮ್ಮೆ ಪೆಟ್ಟಿಗೆ ಬಿಗಿದು ಆಮೇಲೆ ಬಟ್ಟೆ ಒಣಗಿಸಲು ಕಟ್ಟಿದ ಆ ಹಗ್ಗ, ಮತ್ತು, ಮೂರು ತಿಂಗಳು ಪೂರ್ತಿ ಪಕ್ಕದಲ್ಲೇ ನಿಂತು ತಾನು ಕೆಲಸ ಕಲಿಸಿದ ಒಬ್ಬ ಹೊಸ ದಾದಿ.