ಕ್ಯಾಮೆರಾಗೆ ಕಟ್ಟಿದ ಬಟ್ಟೆ

ಮೊನ್ನೆ ಹೊಲಿಗೆ ಮಿಷನ್ನಿನ ಹಿಂದೆ ಕಸ ಗುಡಿಸುವಾಗ ಅಂಗೈಯಗಲದ ಕೆಂಪು ಬಲೆಯೊಂದು ಸಿಕ್ಕಿತು. ಈರುಳ್ಳಿ ಚೀಲದಿಂದ ಕತ್ತರಿಸಿದ ತುಂಡು, ಅದಕ್ಕೆ ಅಂಟಿಕೊಂಡ ಹಳೇ ರಬ್ಬರ್ ಬ್ಯಾಂಡು. ಬೇರೆ ಯಾರಾದರೂ ಆಗಿದ್ದರೆ ಕಸದ ಜೊತೆ ಆಚೆ ತಳ್ಳುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಚೀಲಕ್ಕೇನು ಬರವೇ? ನಾನು ಮಾತ್ರ ಪೊರಕೆ ಬಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಸ್ಟುಡಿಯೋ ಅಣ್ಣ ನೆನಪಾದರು…

ನನ್ನ ಟೈಲರಿಂಗ್ ಅಂಗಡಿಗೂ ಅವರ ಸ್ಟುಡಿಯೋಗೂ ನಡುವೆ ಒಂದೇ ಗೋಡೆ. ಆಗಿನ್ನೂ ರೀಲಿನ ಕಾಲ. ಕಲರ್ ರೀಲುಗಳು ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ತೊಳೆಸಿಕೊಂಡು, ಫೋಟೋ ಆಗಿ ವಾಪಸ್ ಬರುತ್ತಿದ್ದವು. ಕ್ಯಾಮೆರಾ ಮುಂದೆ ಹಾಕುವ ಬೆಲೆಬಾಳುವ ಗಾಜುಗಳು ಅಣ್ಣನ ಹತ್ತಿರ ಇರಲಿಲ್ಲ. ಅದರ ಬದಲಿಗೆ ಊರಿನ ಮನೆಗಳಲ್ಲಿ ಏನೇನಿರುತ್ತದೋ ಅದೆಲ್ಲ ಅವರ ಲೆನ್ಸಿನ ಮುಂದೆ ಬಂದು ಕೂರುತ್ತಿತ್ತು. ಕನ್ನಡಕದ ಹಳೇ ಗಾಜಿಗೆ ಕೊಬ್ಬರಿ ಎಣ್ಣೆ ಸವರಿ ಹಿಡಿಯುತ್ತಿದ್ದರು. ಸ್ವೀಟ್ ಡಬ್ಬಿಯ ಹಳದಿ ಕಾಗದ ಸುತ್ತಿ ನಡುಮಧ್ಯಾಹ್ನವನ್ನು ಸಂಜೆ ಮಾಡುತ್ತಿದ್ದರು. ನನ್ನ ಟೀ ಸೋಸುವ ಜಾಲರಿಯನ್ನು ಒಯ್ದು, ನಾನು ಜಗಳಕ್ಕೆ ನಿಂತ ಮೇಲೆ ವಾಪಸ್ ಕೊಟ್ಟದ್ದೂ ಉಂಟು. ಈ ಈರುಳ್ಳಿ ಬಲೆಯೂ ಅಂಥದ್ದೇ ಒಂದು ಪ್ರಯೋಗ. ಅದನ್ನು ಕಟ್ಟಿ ತೆಗೆದ ಮದುವೆ ಗಂಡಿನ ಫೋಟೋ ಪೂರ್ತಿ ಕೆಂಪಾಗಿ ಬಂದು, ಅವನ ತಾಯಿ "ನನ್ ಮಗಂಗೆ ಜ್ವರ ಬಂದಿತ್ತಾ?" ಅಂತ ಕೇಳಿದ್ದರು. ಅಂದಿನಿಂದ ಅದಕ್ಕೆ ರಜೆ.

ಅವರಿಗೆ ಹೆಸರು ತಂದದ್ದು ನೆಟ್ ಬಟ್ಟೆ. ನಾನು ಹೊಲಿದು ಉಳಿಸಿದ ಬಿಳೀ ನೆಟ್ ತುಂಡನ್ನು ಲೆನ್ಸಿಗೆ ಬಿಗಿಯಾಗಿ ಕಟ್ಟಿ ತೆಗೆದರೆ ಮೊಡವೆ ಕಲೆ, ಬಿಸಿಲಿಗೆ ಕಂದಿದ ಕೆನ್ನೆ ಎಲ್ಲ ಬೆಣ್ಣೆಯ ಹಾಗೆ ನುಣ್ಣಗಾಗುತ್ತಿತ್ತು. ಕಣ್ಣು ಮಾತ್ರ ಚೂಪಾಗಿಯೇ ಉಳಿದು ಮಿನುಗುತ್ತಿತ್ತು. ಮದುವೆಗೆ ಹೆಣ್ಣು ತೋರಿಸುವ ಮೊದಲು ಗಂಡಿನ ಮನೆಗೆ ಫೋಟೋ ಹೋಗಬೇಕಲ್ಲ, ಆ ಫೋಟೋ ಅಂದರೆ ಅಣ್ಣನೇ ತೆಗೆಯಬೇಕು. ತಮ್ಮ ಹತ್ತಿರದ ನಗರದಲ್ಲೇ ಬೇಕಾದಷ್ಟು ಸ್ಟುಡಿಯೋ ಇದ್ದರೂ ದೂರದ ಚಂದಕವಾಡಿ ಕಡೆಯಿಂದ ಬಸ್ಸು ಹತ್ತಿ ಜನ ಇಲ್ಲಿಗೆ ಬರುತ್ತಿದ್ದರು. ಬಂದವರು ಕೂರುವ ಮೊದಲೇ "ಬಟ್ಟೆ ಕಟ್ಟೇ ತೆಗೀರಿ" ಅನ್ನುತ್ತಿದ್ದರು. ವಾರಕ್ಕೊಮ್ಮೆಯಾದರೂ ಅಣ್ಣ ನನ್ನ ಬಾಗಿಲಿಗೆ ಬಂದು, "ತಂಗ್ಯವ್ವ, ನೆಟ್ ಉಳ್ದದಾ?" ಅನ್ನೋರು. ಕೊಡದಿದ್ದರೆ ಕಸದ ಬುಟ್ಟಿಗೇ ಕೈ ಹಾಕುವರು. ನನಗೆ ಒಡಹುಟ್ಟಿದವರಿಲ್ಲ. ಆ ಬುಟ್ಟಿ ಕೆದಕುವ ಸದ್ದು ಕೇಳಿದರೆ, ಸುಳ್ಳೇಕೆ, ಜೀವಕ್ಕೆ ಹಿತವಾಗುತ್ತಿತ್ತು.

ಒಂದು ದಿನ ಚಂದಕವಾಡಿಯ ಕಡೆಯ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ನೇರ ನನ್ನ ಅಂಗಡಿಗೇ ಬಂದರು. ಕೈಯಲ್ಲಿ ಅಣ್ಣ ತೆಗೆದ ಮಗಳ ಫೋಟೋ.

"ಕ್ಯಾಮ್ರಾಕ್ಕೆ ಬಟ್ಟೆ ಕೊಡಾದು ನೀವೇ ಅಂತಲ್ಲ ತಾಯಿ. ಒಸಿ ತೆಳ್ಳಗಿರೋದ್ನ ಕೊಡಿ. ಎಣ್ಣಿಗೆ ಕಣ್ಣು ದೋಸ ಇರ್ಬೇಕು, ಅದ್ಕೇ ಇಂಗೆ ಮರೆ ಮಾಡವ್ರೆ ಅಂತ ಗಂಡಿನ ಕಡೇರು ಫೋಟೋ ವಾಪಸ್ ಕಳ್ಸ್‌ಬುಟ್ರು."

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಎತ್ತಿ ನನ್ನನ್ನು ನೋಡಿದಾಗ ಎಷ್ಟು ಚೆಂದದ ಕಣ್ಣು! ಫೋಟೋ ನೋಡಿದೆ. ಕೆನ್ನೆ, ಕಣ್ಣು, ಕೊರಳ ಸರ, ಎಲ್ಲವೂ ಒಂದೇ ಸಮ ಮಂಜು. ನೆಟ್ ಕಟ್ಟಿದರೆ ಹೀಗೆ ಬರುವುದಿಲ್ಲ. ಆಗ ಹೊಳೆಯಿತು… ಯುಗಾದಿ ಕಳೆದ ಮೇಲೆ ಅಣ್ಣ ಬಟ್ಟೆ ಕೇಳಲು ಬಂದೇ ಇರಲಿಲ್ಲ.

ತಾಯಿ ಮಗಳನ್ನು ಅಲ್ಲೇ ಕೂರಿಸಿ ಸ್ಟುಡಿಯೋಗೆ ಹೋದೆ.

"ಅಣ್ಣ, ಇದ್ಕೆ ಯಾವ ಬಟ್ಟೆ ಕಟ್ಟಿದ್ರಿ?"

ಅವರು ಫೋಟೋವನ್ನು ಮೂಗಿನ ಹತ್ತಿರಕ್ಕೆ ಹಿಡಿದು ಬಾಗಿಲ ಬೆಳಕಿಗೆ ತಿರುಗಿದರು. "ನೆಟ್ಟು ಕಣವ್ವ."

"ನಾನ್ ಕೊಟ್ಟೇ ಇಲ್ವಲ್ಲ."

ಅಣ್ಣ ಫೋಟೋವನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

"ಏನೂ ಕಟ್ಟಿರ್ನಿಲ್ಲ ಕಣವ್ವ. ಸಕ್ರೆ ಕಾಯ್ಲೆ ಕಣ್ಣಿಗಿಳ್ದದೆ, ಫೋಕಸ್ಸೇ ಗೊತ್ತಾಯ್ತಿಲ್ಲ. ಮೈಸೂರು ಡಾಕ್ಟ್ರೂ ಕೈ ಚೆಲ್ಬುಟ್ರು. ಬಟ್ಟೆ ಕಟ್ಟವ್ನೆ ಅನ್ಕಂಡು ಜನ ಒಪ್ಕಂಡ್ರು, ನಾನೂ ಸುಮ್ಗಾದೆ. ಯಾರ್ಗೂ ಯೋಳ್ಬ್ಯಾಡ. ಗೊತ್ತಾದ್ರೆ ನಾಳಿಂದ ಈ ಬಾಗ್ಲಿಗೆ ಯಾರವ್ವ ಬಂದಾರು?"

ಅತ್ತಿಗೆ ತೀರಿಹೋದ ಮೇಲೆ ಅವರಿಗೆ ಇದ್ದದ್ದು ಆ ಬಾಗಿಲೊಂದೇ. ಮನೆಯೂ ಅದೇ, ಮಾತುಕತೆಯೂ ಅಲ್ಲೇ. ನನಗೆ ಅಯ್ಯೋ ಅನ್ನಿಸಿದರೂ ಸಿಟ್ಟೂ ಬಂದಿತ್ತು.

"ಆ ಎಣ್ಣುಮಗ ನನ್ ಅಂಗ್ಡೀಲಿ ಕೂತದೆ ಅಣ್ಣ. ಅದ್ರ ಕಣ್ಣು ದೋಸ ಅಂದ್ಬುಟ್ಟವ್ರೆ."

ಅಣ್ಣ ತಟ್ಟನೆ ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು. "ಕರ್ಕಬಾ ಅವರ್ನ. ನೀನೂ ಇಲ್ಲೇ ಇರು," ಅಂದರು.

ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಅನ್ನುವುದು ಅವರಿಗೆ ಇನ್ನೂ ತಿಳಿಯುತ್ತಿತ್ತು. ಗಲ್ಲ ಎತ್ತಿಸಿ, ಜಡೆ ಮುಂದಕ್ಕೆ ಹಾಕಿಸಿ, ಗಂಡಿನ ಜ್ವರದ ಕಥೆ ಹೇಳಿ ಅವಳನ್ನು ನಗಿಸಿದರು. ಈ ಸಲ ನೆಟ್ ಕಟ್ಟಿದ್ದೂ ನಿಜವೇ. ತಾಯಿಯ ಕಡೆ ತಿರುಗಿ, "ಬಟ್ಟೆ ಸರ್ಯಾಗದಾ ಅಂತ ಟೈಲರಮ್ಮ ನೋಡ್ತರೆ," ಅಂದರು. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟು, ಅವರು ಪಿಸುಗುಟ್ಟಿದ ಹಾಗೆ ಲೆನ್ಸಿನ ಬಳೆ ತಿರುಗಿಸಿದೆ. ಮಂಜು ಸರಿದು ಹುಡುಗಿಯ ರೆಪ್ಪೆಗೂದಲು ಒಂದೊಂದೂ ಕಂಡಿತು. "ಸರ್ಯಾಗದೆ ಅಣ್ಣ," ಅಂದೆ. ಅವರು ಬಟನ್ ಒತ್ತಿದರು. ಶ್ರಾವಣದಲ್ಲಿ ಆ ತಾಯಿ ಮಗಳ ಮದುವೆಯ ರವಿಕೆ ಬಟ್ಟೆಗಳನ್ನು ತಂದು ನನ್ನ ಮೇಜಿನ ಮೇಲೆ ಸುರಿದರು.

ಅಲ್ಲಿಂದಾಚೆಗೆ ಅದೇ ರೂಢಿಯಾಯಿತು. ಅಣ್ಣ ಗೋಡೆ ಬಡಿದರೆ ನಾನು ಮಿಷನ್ ನಿಲ್ಲಿಸಿ ಓಡಬೇಕು. ಫೋಟೋಗೆ ಕಟ್ಟಿದ ಬಟ್ಟೆಯನ್ನು ಟೈಲರ್ ಪರೀಕ್ಷೆ ಮಾಡಬೇಕು ಅಂತ ಇಡೀ ಊರು ನಂಬಿತು! ಬೇರೆ ಸ್ಟುಡಿಯೋದಲ್ಲಿ ಕೆಲವರು, "ನಿಮ್ಮಲ್ಲಿ ಟೈಲರ್ ಇಲ್ವಾ?" ಅಂತ ಕೇಳಿದರಂತೆ. ನಾವಿಬ್ಬರೂ ಅದನ್ನು ನೆನೆಸಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ನಗು ನಿಂತ ಮೇಲೆ ಅಣ್ಣ ಟೀ ಲೋಟಕ್ಕಾಗಿ ಮೇಜು ತಡವುವುದನ್ನು ನೋಡುವುದು ಕಷ್ಟವಾಗುತ್ತಿತ್ತು…

ಕೊನೆಗೆ ಬೆಳಕು ನೆರಳೂ ಕಲೆಸಿಹೋಗತೊಡಗಿದಾಗ ಅವರೇ ಬಾಗಿಲು ಮುಚ್ಚುವ ಮಾತೆತ್ತಿದರು. ಕ್ಯಾಮೆರಾದ ರೀಲಿನಲ್ಲಿ ಇನ್ನೊಂದೇ ಫೋಟೋಗೆ ಜಾಗ ಉಳಿದಿತ್ತು. "ನಿಂದು ತೆಗೀತೀನಿ ಬಾರವ್ವ," ಅಂದರು. ಮೊದಲು ನಾನು ಫೋಕಸ್ ಮಾಡಿಟ್ಟು ಬಂದು ಕೂರುತ್ತೇನೆ ಅಂದೆ. "ಬ್ಯಾಡ. ಸುಮ್ಗೆ ಕೂತ್ಕ. ನಾನೇ ನೋಡ್ಬೇಕು," ಅಂದರು.

ಕೂತೆ. ಅಣ್ಣ ಲೆನ್ಸಿನ ಬಳೆಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ನನ್ನ ಕುತ್ತಿಗೆ ನೋಯತೊಡಗಿತು. ಒಂದು ಕಡೆ ಅವರ ಕೈ ನಿಂತಿತು, ಬಾಯಿ ತುಸು ತೆರೆಯಿತು, ಒತ್ತಿದರು.

ಫೋಟೋ ಮೈಸೂರಿನಿಂದ ಬಂದಾಗ ನಾನೇ ಲಕೋಟೆ ಬಿಚ್ಚಿದೆ. ಉಟ್ಟ ಸೀರೆಯ ನೀಲಿ ಗೊತ್ತಾಗುತ್ತಿತ್ತು, ಕುಂಕುಮದ ಜಾಗ ಗೊತ್ತಾಗುತ್ತಿತ್ತು. ಮುಖ ಇರಲಿಲ್ಲ.

"ಎಂಗ್ ಬಂದದವ್ವ?"

"ಚೆಂದಾಗ್ ಬಂದದೆ ಅಣ್ಣ."

"ಯಾವ ಬಟ್ಟೆ ಕಟ್ಟಿದ್ದೆ, ಯೋಳು ನೋಡನ?"

"ನೆಟ್ಟು," ಅಂದೆ. ಅಣ್ಣ ಜೋರಾಗಿ ನಕ್ಕುಬಿಟ್ಟರು.

ಅಣ್ಣ ಹೋಗಿ ವರ್ಷಗಳೇ ಆದವು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ರವಿಕೆ ಅಳತೆಗೆ ಬರುವ ಹುಡುಗಿಯರು ನನ್ನ ಕನ್ನಡಿಯ ಮುಂದೆ ನಿಂತು ಫೋನಿನಲ್ಲೇ ಮುಖ ನುಣ್ಣಗೆ ಮಾಡಿಕೊಳ್ಳುತ್ತಾರೆ. ಚೆನ್ನಾಗಿಯೇ ಇರುತ್ತದೆ, ನಾನೇನೂ ಮೂಗು ಮುರಿಯುವುದಿಲ್ಲ. ಅವರಲ್ಲೊಬ್ಬಳು ಹೋದ ವಾರ ಗೋಡೆಯ ಮೇಲಿನ ನನ್ನ ಫೋಟೋ ನೋಡಿ, "ಆಂಟಿ, ಇದು ಕೆಟ್ಟೋಗದೆ. ನಿಮ್ದು ನಾನೊಂದು ತೆಗ್ದು ದೊಡ್ಡದ್ ಮಾಡಿಸ್ಕೊಡ್ತೀನಿ," ಅಂದಳು. ಹೇಳಿದಂತೆ ಮಾಡಿಸಿಯೂ ತಂದಳು, ಪಾಪ. ಅದರಲ್ಲಿ ನನ್ನ ನರೆಗೂದಲು, ಕಣ್ಣ ಕೆಳಗಿನ ಸುಕ್ಕು ಎಲ್ಲ ಸ್ಪಷ್ಟವಾಗಿದೆ. ಅದನ್ನು ಮನೆಗೆ ಒಯ್ದು ಬೀರುವಿನಲ್ಲಿಟ್ಟೆ.

ಅಂಗಡಿಯ ಗೋಡೆಯ ಮೇಲೆ ಅಣ್ಣ ತೆಗೆದದ್ದೇ ಇದೆ. ಅವರು ಅಷ್ಟು ಹೊತ್ತು ಹುಡುಕಿ, ಸಿಕ್ಕಿತು ಅಂದುಕೊಂಡು ಕೈ ನಿಲ್ಲಿಸಿದಾಗ ಅವರ ಕಣ್ಣಿಗೆ ನಾನು ಕಂಡದ್ದು ಅಷ್ಟೇ.