ಬಿಳಿ ಶೂ ಬಂದ ವಾರ

ಹಾಗೆ ನೋಡಿದರೆ ದೊಡ್ಡಮ್ಮ ಯಾರಿಗೂ ದೊಡ್ಡಮ್ಮನಲ್ಲ. ಅವಳಿಗೂ ಮಕ್ಕಳಿಲ್ಲ, ತಂಗಿಗೂ ಇಲ್ಲ. ಆದರೆ ಸ್ಟೇಷನರಿ ಅಂಗಡಿಯ ಮೇಲಿದ್ದ ಆ ಡಾನ್ಸ್ ಸ್ಕೂಲಿನ ಮರದ ಮೆಟ್ಟಿಲು ಹತ್ತಿದ ಮಗು ಮರುದಿನದಿಂದಲೇ ಅವಳನ್ನು ದೊಡ್ಡಮ್ಮ ಅನ್ನುತ್ತಿತ್ತು, ಆಮೇಲೆ ಅದರ ಅಪ್ಪ ಅಮ್ಮನೂ ಅನ್ನುತ್ತಿದ್ದರು. ತಂಗಿ ಟೀಚರ್, ಅಕ್ಕ ಬಾಗಿಲು. "ತಂಗಿ ಒಳಗೆ ಮಕ್ಕಳನ್ನ ಕುಣಿಸ್ತಾಳೆ, ಅಕ್ಕ ಹೊರಗೆ ನಮ್ಮನ್ನ ಕುಣಿಸ್ತಾಳೆ" ಎಂದು ಬೆಂಚಿನ ಮೇಲೆ ಕಾಯುವ ಅಮ್ಮಂದಿರು ನಗುತ್ತಿದ್ದರು, ಅದೂ ದೊಡ್ಡಮ್ಮನಿಗೆ ಕೇಳದ ಹಾಗೆ. ಕೇಳಿದರೆ ಮುಗಿಯಿತು.

ಮೆಟ್ಟಿಲು ಮುಗಿದಲ್ಲಿ ಒಂದು ಅಂಗಳದಷ್ಟು ಜಾಗ. ಅಲ್ಲೊಂದು ಉದ್ದ ಬೆಂಚು, ಗೋಡೆಗೆ ಒರಗಿಸಿದ ಶೂ ಗೂಡು, ಅದರ ಪಕ್ಕ ದೊಡ್ಡಮ್ಮನ ಸ್ಟೂಲು, ಸ್ಟೂಲಿನ ಕೆಳಗೆ ಸೂಜಿ ದಾರದ ಡಬ್ಬ. ಒಳಗೆ ಮಕ್ಕಳು ಬರಿಗಾಲಲ್ಲಿ ಕುಣಿಯಬೇಕು, ಶೂ ಹೊರಗೆ. ಕ್ಲಾಸು ಬಿಟ್ಟ ಮೇಲೆ ಪ್ರತಿ ಮಗುವೂ ತನ್ನ ಶೂ ತಂದು ದೊಡ್ಡಮ್ಮನ ಮುಂದೆ ಕಾಲು ಚಾಚಬೇಕು. ದೊಡ್ಡಮ್ಮ ಶೂ ಹಾಕಿ, ಲೇಸು ಕಟ್ಟಿ, ಕರೆದೊಯ್ಯಲು ಬಂದವರ ಕೈಗೆ ಮಗುವಿನ ಕೈ ಇಡಬೇಕು. ದೊಡ್ಡ ಹುಡುಗಿಯರು ನಾಚಿಕೊಂಡರೂ ಬಿಡುತ್ತಿರಲಿಲ್ಲ. "ಬರಿಗಾಲ ಮಗು ನಂದು, ಶೂ ಹಾಕಿದ ಮಗು ನಿಮ್ದು. ಮಧ್ಯದಲ್ಲಿ ಯಾರೂ ಬಾಯಿ ಹಾಕ್ಬೇಡಿ" ಎನ್ನುತ್ತಿದ್ದಳು. ಕೊನೆಗೆ ಒಳಗಿನಿಂದ ಟೀಚರ್ ಕೂಗುತ್ತಿದ್ದಳು, "ಅಕ್ಕಾ, ಗೂಡು ಖಾಲಿನಾ?" "ಖಾಲಿ!" ಎಂದು ದೊಡ್ಡಮ್ಮ ಕೂಗಿದರೆ ಆ ದಿನದ ದುಡಿಮೆ ಮುಗಿಯಿತು. ಅಷ್ಟು ಹೊತ್ತಿಗೆ ಸರಿಯಾಗಿ ಹಿತ್ತಲ ಕಡೆಯ ಹಳಿಗಳ ಮೇಲೆ ಸಂಜೆಯ ರೈಲು ಹೊರಡುತ್ತಿತ್ತು, ಕಿಟಕಿ ಗಾಜುಗಳು ಗಡಗಡ ಅನ್ನುತ್ತಿದ್ದವು. ಇಷ್ಟು ವರ್ಷದಲ್ಲಿ ಒಂದು ಮಗುವೂ ತಪ್ಪಿ ಹೋಗಿರಲಿಲ್ಲ. ಅದು ದೊಡ್ಡಮ್ಮನ ಒಂದೇ ಒಂದು ಜಂಬ. ಇರಲಿ ಬಿಡಿ, ಒಡವೆ ಇಲ್ಲದವಳಿಗೆ ಅಷ್ಟಾದರೂ ಬೇಡವೇ?

ಆದರೆ ದೊಡ್ಡಮ್ಮ ಒಂದು ವಿಷಯ ಮುಚ್ಚಿಟ್ಟಿದ್ದಳು. ಅವಳಿಗೆ ಮುಖ ಕಾಣುತ್ತಿರಲಿಲ್ಲ.

ಕುರುಡಲ್ಲ. ಮೆಟ್ಟಿಲು ಕಾಣುತ್ತಿತ್ತು, ಬೆಂಚು ಕಾಣುತ್ತಿತ್ತು, ಓಡುವ ಮಗುವಿನ ಆಕಾರ ಕಾಣುತ್ತಿತ್ತು. ಆದರೆ ಯಾವುದನ್ನು ನೇರವಾಗಿ ನೋಡುತ್ತಾಳೋ ಅದೇ ಜಾಗದಲ್ಲಿ ಒಂದು ಬೂದು ಮಚ್ಚೆ. ಬದಿಯಲ್ಲಿ ಇದ್ದದ್ದು ಕಾಣುತ್ತದೆ, ತಿರುಗಿ ನೋಡಿದರೆ ಮಾಯ. ತಂಗಿಗೆ ಹೇಳದೆ ಒಬ್ಬಳೇ ಹೋಗಿ ತೋರಿಸಿಕೊಂಡು ಬಂದಿದ್ದಳು. "ಹೋಗಿದ್ದು ಬರಲ್ಲಮ್ಮ, ಇರೋದನ್ನ ಕಾಪಾಡ್ಕೊಳ್ಳಿ" ಎಂದಿದ್ದರು ಕಣ್ಣಿನ ಡಾಕ್ಟರು. ಕಾಪಾಡಿಕೊಂಡಳು, ಗುಟ್ಟನ್ನು. ಹೇಳಿದರೆ ತಂಗಿ ಅತ್ತು ಕರೆದು ತನ್ನನ್ನು ಮನೆಯಲ್ಲಿ ಕೂರಿಸುತ್ತಾಳೆ, ಸ್ಟೂಲಿನ ಮೇಲೆ ಬೇರೆ ಯಾರೋ ಕೂರುತ್ತಾರೆ, ಸಂಜೆ ಹೊತ್ತು ಗೋಡೆ ನೋಡಿಕೊಂಡು ಕೂತಿರಬೇಕು. ಗೋಡೆಯೂ ನೆಟ್ಟಗೆ ಕಾಣದು. 

ಅವಳಿಗೆ ಮುಖ ಬೇಕಾಗಿಯೂ ಇರಲಿಲ್ಲ. ಶೂ ಇತ್ತಲ್ಲ! ಒಂದರ ಪಟ್ಟಿ ಕಿತ್ತಿದೆ, ಒಂದರ ಹಿಮ್ಮಡಿ ಒಳಬದಿಗೆ ಸವೆದಿದೆ, ಒಂದು ಅಣ್ಣನ ಕಾಲಿನಿಂದ ಇಳಿದು ಬಂದದ್ದು, ಮೂತಿಗೆ ಹತ್ತಿ ತುರುಕಿದೆ. ಕೈಗೆ ಶೂ ಸಿಕ್ಕಿದರೆ ಮಗು ಯಾರೆಂದು ಗೊತ್ತಾಯಿತು. ಕರೆದೊಯ್ಯಲು ಬಂದವರೂ ಹಾಗೆಯೇ. ಬೇಕರಿಯವನು ಬಂದರೆ ಮೊದಲು ಹಿಟ್ಟಿನ ವಾಸನೆ ಬರುತ್ತಿತ್ತು. ಆ ಪುಣ್ಯಾತ್ಮ ಏನು ಕೇಳಿದರೂ "ಹೂಂ" ಬಿಟ್ಟು ಇನ್ನೊಂದು ಮಾತು ಆಡುವವನಲ್ಲ. ಅವನ ಪಾಲಿನ ಮಾತನ್ನೆಲ್ಲ ಅವನ ಮಗಳು ಆಡಿ ಮುಗಿಸುತ್ತಿದ್ದಳು, ಅದಕ್ಕೇ ಅವಳ ಹೆಸರು ಪಟಾಕಿ.

ವರ್ಷದ ದೊಡ್ಡ ಪ್ರದರ್ಶನ ಹತ್ತಿರ ಬಂತು. ಬಾಗಿಲಿಗೆ ನೋಟೀಸು ಅಂಟಿತು: ಶುಕ್ರವಾರ ಪೂರ್ತಿ ವೇಷದಲ್ಲಿ ತಾಲೀಮು, ಶನಿವಾರ ಎಲ್ಲರ ಗ್ರೂಪ್ ಫೋಟೋ, ಭಾನುವಾರ ಊರಿನ ಸಭಾಂಗಣದಲ್ಲಿ ಪ್ರದರ್ಶನ, ಆಮೇಲೆ ರಜೆಯ ಶಿಬಿರಕ್ಕೆ ಹೊಸ ಮಕ್ಕಳ ಸೇರ್ಪಡೆ. ಬೆಂಚಿನ ಮೇಲೆ ಅಮ್ಮಂದಿರು ಒಬ್ಬರನ್ನೊಬ್ಬರು ತಳ್ಳಿಕೊಂಡು ಕೂತು ಬಿಳಿ ಟೋಪಿಗಳಿಗೆ ಗರಿ ಹೊಲಿದರು. ಯಾರ ಮಗಳು ಮುಂದಿನ ಸಾಲು, ಯಾರ ಮಗಳು ಹಿಂದಿನ ಸಾಲು ಎಂಬ ಜಗಳ ನಗುನಗುತ್ತಲೇ ನಡೆಯಿತು. ಆಗ ಟೀಚರ್ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಬಂದಳು. ಕೊನೆಯ ಕುಣಿತಕ್ಕೆ ಎಲ್ಲ ಮಕ್ಕಳಿಗೂ ಒಂದೇ ತರಹದ ಹೊಸ ಬಿಳಿ ಶೂ.

"ಇವತ್ತಿಂದ ಇದನ್ನೇ ಹಾಕ್ಕೊಂಡು ಬರ್ಬೇಕು, ಇದನ್ನೇ ಹಾಕ್ಕೊಂಡು ಹೋಗ್ಬೇಕು. ಹೊಸ ಶೂ ಸ್ಟೇಜ್ ಮೇಲೆ ಕಚ್ಬಾರ್ದು, ಈಗಲೇ ಪಳಗಿಸಿ" ಎಂದಳು.

ದೊಡ್ಡಮ್ಮ ಒಂದು ಶೂ ಎತ್ತಿ ಬೆರಳಾಡಿಸಿದಳು, ಇನ್ನೊಂದನ್ನೂ ಎತ್ತಿದಳು, ಎರಡೂ ಒಂದೇ. "ಬಿಳಿ ಯಾಕೆ ತಂದೆ? ಒಂದೇ ದಿನಕ್ಕೆ ಕೊಳೆಯಾಗತ್ತೆ. ಮಕ್ಕಳು ಅವರವರ ಶೂನೇ ಹಾಕ್ಕೊಳ್ಳಲಿ ಬಿಡು."

"ಶುರುವಾಯ್ತು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನೇನು ಕುಣೀಬೇಕಾಗಿಲ್ಲ ಅಕ್ಕ, ಲೇಸು ಕಟ್ಟಿದ್ರೆ ಸಾಕು."

ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು. ಆಗಲೇ ಹೇಳಿಬಿಡಬೇಕಿತ್ತು. ಆದರೆ ಅವಳು ಮಾಡಿದ್ದೇ ಬೇರೆ. ಆ ಮಧ್ಯಾಹ್ನವೆಲ್ಲ ಶೂಗಳನ್ನು ಮಡಿಲಲ್ಲಿ ಹಾಕಿಕೊಂಡು, ಅಳತೆ ನೋಡಿ ಮಕ್ಕಳಿಗೆ ಗೊತ್ತು ಮಾಡಿದ ಒಂದೊಂದು ಜೊತೆಯ ಲೇಸಿನ ಕೆಳಗಿನ ನಾಲಗೆಯ ಒಳಮೈಗೂ ಬೆರಳಿಗೆ ಸಿಗುವಂಥ ಒಂದೊಂದು ಗುರುತು ಹೊಲಿದಳು. ಕಣ್ಣಿಗಿಂತ ಬೆರಳು ಚುರುಕಾಗಿತ್ತು. ಒಬ್ಬಳಿಗೆ ಮಣಿ, ಒಬ್ಬಳಿಗೆ ಅಡ್ಡ ಹೊಲಿಗೆ. ಪಟಾಕಿಗೆ ದಪ್ಪನೆಯ ಗಂಟು. ಇಣುಕಿಗೆ ಪುಟ್ಟ ಗುಂಡಿ. ಯಾಕೆ ಅಂತ ತಂಗಿ ಕೇಳಿದ್ದಕ್ಕೆ "ಅದಲು ಬದಲು ಆಗ್ಬಾರ್ದಲ್ಲ" ಅಂದಳು. ಸುಳ್ಳೇನಲ್ಲ.

ಇಣುಕಿ ಅಂದರೆ ಆ ವರ್ಷ ಸೇರಿದ, ಬಾಯಿ ಬಿಡುವುದೇ ಅಪರೂಪವಾದ ಹುಡುಗಿ. ಪರದೆಯ ಹಿಂದಿನಿಂದ, ಬಾಗಿಲ ಸಂದಿಯಿಂದ, ಟೀಚರ ಬೆನ್ನ ಹಿಂದಿನಿಂದ ಇಣುಕಿ ನೋಡುವುದೇ ಅವಳ ಕೆಲಸ, ಹೆಸರೂ ಅದೇ ಆಯಿತು. ಸದಾ ಸದ್ದು ಮಾಡುವ ಪಟಾಕಿಗೂ ಸದ್ದೇ ಇಲ್ಲದ ಇಣುಕಿಗೂ ಬಲು ಸ್ನೇಹ. ಎತ್ತರವೂ ಒಂದೇ, ತೂಕವೂ ಒಂದೇ. ಶೂ ಬಂದ ಮರುದಿನ ಇಣುಕಿಯ ಅಮ್ಮ ಬೇಗ ಬಂದಳು. ಆಕೆ ಹಿಮ್ಮಡಿ ಎತ್ತರದ ಚಪ್ಪಲಿ ಹಾಕುತ್ತಿದ್ದಳು, ಮೆಟ್ಟಿಲ ಮೇಲೆ ಟಕ್ ಟಕ್ ಅಂದರೆ ಅವಳೇ. ದೊಡ್ಡಮ್ಮನನ್ನು ಮೂಲೆಗೆ ಕರೆದಳು.

"ದೊಡ್ಡಮ್ಮ, ಇನ್ಮೇಲೆ ನಾನು ಬಂದ್ರೆ ಮಾತ್ರ ಮಗೂನ ಕಳಿಸಿ. ಬೇರೆ ಯಾರು ಬಂದ್ರೂ ಬೇಡ. ಅವಳ ಅಪ್ಪ ಬಂದ್ರೂ ಬೇಡ."

"ಯಾಕಮ್ಮ? ಏನಾಯ್ತು?"

"ಬೇರೆ ಆಗಿದೀವಿ. ಮಗು ನನ್ನ ಹತ್ರ ಇರ್ಲಿ ಅಂತ ಕೋರ್ಟಲ್ಲಿ ಆಗಿದೆ. ಅವನು ಒಪ್ಪಿಲ್ಲ. ಒಂದು ಸಲ ಕೈಗೆ ಸಿಕ್ಲಿ, ನೀನು ಹುಡುಕೋಕಾಗದ ಜಾಗಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದಾನೆ. ಅವನು ಆಡಿದ್ದನ್ನ ಮಾಡೋನು ದೊಡ್ಡಮ್ಮ. ಹೋದ್ರೆ ನಾನು ಮತ್ತೆ ಅವಳ ಮುಖ ನೋಡಲ್ಲ." ಆಕೆ ಮೂಗೆಳೆದುಕೊಂಡಳು. "ಮಗೂಗೆ ಇದೆಲ್ಲ ಹೇಳಿಲ್ಲ. ಅವಳಿಗೆ ಅಪ್ಪ ಅಂದ್ರೆ ಪ್ರಾಣ. ಟೀಚರಿಗೆ ಹೇಳಿದ್ರೆ ಹತ್ತು ಕೆಲಸದಲ್ಲಿ ಮರೀತಾರೆ. ನೀವು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತೀರಿ, ನಂಗೊತ್ತು."

ದೊಡ್ಡಮ್ಮ ಆಕೆಯ ಮುಖವಿದ್ದ ಕಡೆ ನೋಡಿದಳು. ಬೂದು ಮಚ್ಚೆ ತಿರುಗಿ ನೋಡಿತು. ನಿಜ ನಾಲಗೆಯ ತುದಿಗೆ ಬಂತು. ಆದರೆ "ನನ್ನ ದಾಟಿ ಒಂದು ನೊಣಾನೂ ಹೋಗಲ್ಲ, ನೀ ಹೋಗು ತಾಯಿ" ಎಂದುಬಿಟ್ಟಳು. ಜಂಬ ಅನ್ನುವುದು ಇದಕ್ಕೇ ನೋಡಿ. ಬಾಯಿ ತೆರೆದರೆ ಸಾಕು, ಅದೇ ಮೊದಲು ಮಾತಾಡುತ್ತದೆ.

ಅಂದಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಮಕ್ಕಳೆಲ್ಲ ಬಿಳಿ ಬಿಳಿ ಕಾಲು ಚಾಚಿ ಕೂತಾಗ ಒಂದೇ ಮಗು ಹತ್ತು ಸಲ ಕೂತ ಹಾಗೆ ಅನಿಸುತ್ತಿತ್ತು. ಹೆಬ್ಬೆರಳನ್ನು ಶೂ ನಾಲಗೆಯ ಕೆಳಗೆ ತೂರಿಸಿ ಗುಂಡಿ ಸಿಕ್ಕ ಮೇಲೆಯೇ ಉಸಿರು ಬಿಡುತ್ತಿದ್ದಳು. ಬುಧವಾರ ಬೆಂಚಿನಿಂದ ಯಾರೋ ಅಂದರು, "ಎದುರುಗಡೆ ದೀಪದ ಕಂಬದ ಹತ್ರ ಒಬ್ಬ ನಿಂತಿರ್ತಾನೆ ನೋಡ್ರೀ. ನಿನ್ನೇನೂ ಇದ್ದ." ದೊಡ್ಡಮ್ಮ ಕಿಟಕಿಗೆ ಹೋದಳು. ಕಂಬವನ್ನು ನೋಡಿದರೆ ಕಂಬವೇ ಇಲ್ಲ. ಕತ್ತು ವಾರೆ ಮಾಡಿ ಕಂಬದ ಪಕ್ಕದ ಅಂಗಡಿಯ ಫಲಕ ನೋಡಿದಳು, ಆಗ ಬದಿಯಲ್ಲಿ ಒಂದು ಕಪ್ಪು ಕೋಟು ಕಂಡಿತು. ಅದರತ್ತ ತಿರುಗಿದಳು, ಮಾಯ. ಮತ್ತೆ ವಾರೆ ನೋಡಿದಳು. ಕೋಟು ಅಲ್ಲೇ ಇತ್ತು, ತಲೆ ಎತ್ತಿ ಈ ಕಿಟಕಿಯನ್ನೇ ನೋಡುತ್ತಿತ್ತು ಅನಿಸಿತು.

ಶುಕ್ರವಾರ ತಾಲೀಮಿನ ದಿನ. ದೇವರೇ, ಅದೆಂಥ ಗಲಾಟೆ! ಎಲ್ಲ ಮಕ್ಕಳಿಗೂ ಒಂದೇ ಬಿಳಿ ಅಂಗಿ, ಗರಿಯ ಟೋಪಿ, ಕೂದಲೆಲ್ಲ ಟೋಪಿಯೊಳಗೆ, ಮುಖಕ್ಕೆ ಬಿಳಿ ಬಣ್ಣ. ಒಳಗಿನ ನೆಲ ಕೆಡಬಾರದೆಂದು ಶೂ ಮಾತ್ರ ಎಂದಿನಂತೆ ಹೊರಗೆ ಗೂಡಿನಲ್ಲಿ. ಹೆತ್ತ ತಾಯಂದಿರೇ "ನಮ್ಮದು ಯಾವುದು?" ಎಂದು ನಗುತ್ತಾ ಹುಡುಕುತ್ತಿದ್ದರು. ಒಳಗೆ ಟೀಚರ್ ಹಾಡನ್ನು ನಿಲ್ಲಿಸಿರಲೇ ಇಲ್ಲ. ಮೆಟ್ಟಿಲ ಮೇಲೆ ಹತ್ತುವವರು, ಇಳಿಯುವವರು, ಕೂಗುವವರು. ದೊಡ್ಡಮ್ಮನ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಹೆಬ್ಬೆರಳು ನಾಲಗೆಯಿಂದ ನಾಲಗೆಗೆ ಓಡುತ್ತಿತ್ತು. ಮಣಿ. ಅಡ್ಡ ಹೊಲಿಗೆ. ಕರ್ಕೊಂಡು ಹೋಗಿ. ಮುಂದಿನವರು ಬನ್ನಿ.

"ಅಪ್ಪಾ!"

ಮುಂದೆ ಕೂತಿದ್ದ ಮಗು ಜಿಗಿದೆದ್ದಿತು. ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. "ಕೂತ್ಕೊಳೇ, ಲೇಸು ಕಟ್ಟದೆ ಎಲ್ಲಿಗೆ ಓಡ್ತೀಯ?" ಎಂದು ದೊಡ್ಡಮ್ಮ ಗದರಿ ಕೂರಿಸಿದಳು. ಹೆಬ್ಬೆರಳು ತೂರಿಸಿದಳು. ದಪ್ಪನೆಯ ಗಂಟು. ಪಟಾಕಿ.

ಹಿಟ್ಟಿನ ವಾಸನೆ ಬರಲಿಲ್ಲ. ಸೋಪಿನ ವಾಸನೆ ಬಂತು. ದೊಡ್ಡಮ್ಮನ ಕೈ ಒಂದು ಕ್ಷಣ ನಿಂತಿತು.

"ಏನು ಬೇಕರಿಯವ್ರೇ, ಇವತ್ತು ಸ್ನಾನ ಮಾಡ್ಕೊಂಡು ಬಂದ್ರಾ?"

"ಹೂಂ" ಅಂದಿತು ಆ ಆಕಾರ.

ಹಿಂದಿನವರು ತಳ್ಳುತ್ತಿದ್ದರು. ಮಗು ಅಪ್ಪಾ ಅಪ್ಪಾ ಎಂದು ಕುಣಿಯುತ್ತಿತ್ತು. ಮಗುವೇ ಅಪ್ಪ ಅಂದ ಮೇಲೆ ಇನ್ನೇನು ಕೇಳುವುದು? ಗಂಟು ಕೈಗೆ ಸಿಕ್ಕಿದೆ, ಹೂಂ ಕಿವಿಗೆ ಬಿದ್ದಿದೆ. ದೊಡ್ಡಮ್ಮ ಪುಟ್ಟ ಕೈಯನ್ನು ಎತ್ತಿ ಆ ದೊಡ್ಡ ಕೈಯೊಳಗೆ ಇಟ್ಟಳು. ಆ ಕೈ ತಣ್ಣಗಿತ್ತು. ಒಲೆಯ ಮುಂದೆ ದುಡಿಯುವವನ ಕೈ ಯಾವತ್ತೂ ಹಾಗಿರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು, ಮುಂದಿನ ಮಗು ಕಾಲು ಚಾಚಿತ್ತು.

ಜನ ಕರಗಿದರು. ಗದ್ದಲ ಇಳಿಯಿತು. ಗೂಡಿನಲ್ಲಿ ಒಂದೇ ಜೊತೆ ಉಳಿಯಿತು. ದೊಡ್ಡಮ್ಮ ಅದನ್ನು ತೆಗೆದು ಬೆರಳಾಡಿಸಿದಳು. ಗುಂಡಿ. ಸದ್ಯ! ಇಣುಕಿ ಇಲ್ಲೇ ಇದ್ದಾಳೆ, ಅವಳ ಅಮ್ಮ ಬರುವುದೊಂದೇ ಬಾಕಿ. ಇಡೀ ವಾರ ಹೊತ್ತ ಬಂಡೆ ಕೆಳಗಿಳಿಸಿದ ಹಾಗಾಯಿತು. ಬಚ್ಚಲಲ್ಲಿ ನೀರಿನ ಸದ್ದು ನಿಂತು, ಬರಿಗಾಲು ಪಟಪಟ ಓಡಿ ಬಂದು ಬೆಂಚು ಏರಿತು.

"ಬಾ ನನ್ನ ಚಿನ್ನ" ಎಂದು ದೊಡ್ಡಮ್ಮ ಶೂ ಹಿಡಿದಳು.

"ದೊಡ್ಡಮ್ಮ, ಎಷ್ಟು ತೊಳೆದ್ರೂ ಬಣ್ಣ ಹೋಗ್ತಿಲ್ಲ, ಕಿವಿಯೊಳಗೂ ಹೋಗಿದೆ! ನಮ್ಮಪ್ಪ ಇನ್ನೂ ಬಂದಿಲ್ವಾ? ಇವತ್ತು ಕೇಕ್ ಆರ್ಡರ್ ಇದೆ, ಲೇಟಾಗತ್ತೆ ಅಂದಿದ್ರು."

ದೊಡ್ಡಮ್ಮನ ಕೈಯಲ್ಲಿ ಶೂ ಹಾಗೇ ಉಳಿಯಿತು. "ಯಾರೇ ನೀನು?"

"ನಾನು ದೊಡ್ಡಮ್ಮ, ಪಟಾಕಿ!" ಹುಡುಗಿ ಕಿಲಕಿಲ ನಕ್ಕಳು. "ಬಣ್ಣ ಹಚ್ಚಿದ್ರೆ ನಿಮಗೂ ಗೊತ್ತಾಗಲ್ವಾ?"

"ಈ ಶೂ... ಇದು ನಿಂದಲ್ಲ."

"ಇಣುಕಿಗೆ ಈ ಶೂ ಹಿಮ್ಮಡಿ ಹತ್ರ ಕಚ್ತಿತ್ತು, ಬೊಬ್ಬೆ ಬಂದಿತ್ತು. ನಿನ್ನೆ ರೋಡಲ್ಲಿ ಅದಲು ಬದಲು ಮಾಡ್ಕೊಂಡ್ವಿ. ನಂಗೆ ಎರಡೂ ಸರಿ ಆಗತ್ತೆ. ಇಣುಕಿ ಎಲ್ಲಿ? ಹೋದ್ಳಾ?"

ದೊಡ್ಡಮ್ಮ ಎದ್ದು ಕಿಟಕಿಗೆ ಓಡಿದಳು, ಸ್ಟೂಲು ಉರುಳಿತು, ಡಬ್ಬದ ಸೂಜಿ ಗುಂಡಿಗಳೆಲ್ಲ ಚೆಲ್ಲಿದವು. ಕತ್ತು ವಾರೆ ಮಾಡಿ ಅಂಗಡಿಯ ಫಲಕ ನೋಡಿದಳು. ದೀಪದ ಕಂಬ ಕಂಡಿತು. ಕಂಬದ ಹತ್ತಿರ ಯಾರೂ ಇರಲಿಲ್ಲ.

ಕೆಳಗೆ ಟಕ್ ಟಕ್ ಶುರುವಾಯಿತು. ಮೆಟ್ಟಿಲು ಹತ್ತಿ ಬಂತು, ಅಂಗಳಕ್ಕೆ ಬಂತು, ಖಾಲಿ ಗೂಡಿನ ಮುಂದೆ ನಿಂತಿತು.

"ಅಬ್ಬಾ, ಆಫೀಸಲ್ಲಿ ಬಿಡಲೇ ಇಲ್ಲ. ಹೇಗಾಯ್ತು ತಾಲೀಮು?" ಆಮೇಲೆ ಆ ದನಿ ತಗ್ಗಿತು. "ಯಾಕೆ ದೊಡ್ಡಮ್ಮ ಹಾಗೆ ನಿಂತಿದೀರಿ? ನನ್ನ ಮಗಳೆಲ್ಲಿ?"

ಸುಳ್ಳಿಗೆ ಜಾಗವಿರಲಿಲ್ಲ, ಜಂಬಕ್ಕಂತೂ ಇರಲೇ ಇಲ್ಲ. ದೊಡ್ಡಮ್ಮ ತಾಯಿಯ ಕಡೆ ನೇರ ನೋಡದೆ, ಮೊದಲ ಸಲ ಮುಚ್ಚುಮರೆಯಿಲ್ಲದೆ, ಕತ್ತು ಪಕ್ಕಕ್ಕೆ ತಿರುಗಿಸಿ ನೋಡಿದಳು.

"ನಂಗೆ ಮುಖ ಕಾಣಲ್ಲ ತಾಯಿ" ಎಂದಳು. "ವರ್ಷವಾಯ್ತು. ಯಾರಿಗೂ ಹೇಳಿಲ್ಲ. ಅವನು ಬಂದ. ನಾನೇ ಶೂ ಹಾಕ್ದೆ. ನಾನೇ ಕೈ ಹಿಡಿದು ಕೊಟ್ಟೆ. ರೈಲು ಸ್ಟೇಷನ್ನಿಗೆ ಓಡು, ಮೊದಲು ಓಡು!"

ಆಕೆ ಟಕ್ ಟಕ್ ಎಂದು ಮೆಟ್ಟಿಲಿಳಿದು ಓಡಿದಳು, ನಡುವೆ ಚಪ್ಪಲಿ ಕಳಚಿ ಬಿದ್ದ ಸದ್ದಾಯಿತು, ಆಮೇಲೆ ಬರಿಗಾಲಿನ ಸದ್ದು. ಅದು ಬೀದಿಗೆ ತಲುಪುವ ಮೊದಲೇ ಹಿತ್ತಲ ಕಡೆ ಸಂಜೆಯ ರೈಲು ಕೂಗಿತು, ಕಿಟಕಿ ಗಾಜುಗಳೆಲ್ಲ ಗಡಗಡ ಅನ್ನತೊಡಗಿದವು. ಪಟಾಕಿ ಬೆಂಚಿನಿಂದ ಇಳಿದು ಚೆಲ್ಲಿದ ಗುಂಡಿಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ಒಳಗೆ ಟೀಚರ್ ಹಾಡು ನಿಲ್ಲಿಸಿ, ದೀಪ ಆರಿಸುತ್ತಾ, ದಿನದ ಹಾಗೆಯೇ ಕೂಗಿದಳು, "ಅಕ್ಕಾ, ಗೂಡು ಖಾಲಿನಾ?"